ಯಂಕಣ್ಣನ ಎಡೆ

“ಬುದ್ಧಿ, ಸುಳ್ಳಿಗೂ ಪೂಜೆ ಮಾಡಬಹುದೇ?” ಎಂದು ಶಿಷ್ಯ ಕೇಳಿದ.

ಅಂದು ಆಯುಧಪೂಜೆ. ಮಠದ ಅಂಗಳದಲ್ಲಿ ಸಲಿಕೆ, ಗುದ್ದಲಿ, ಅಡುಗೆಮನೆಯ ಈಳಿಗೆಮಣೆ, ನೀರೆತ್ತುವ ಮೋಟಾರು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಶಿಷ್ಯ ಕುಂಕುಮದ ಬಟ್ಟಲು ಹಿಡಿದು ಒಂದೊಂದಕ್ಕೂ ಬೊಟ್ಟು ಇಡುತ್ತ ಬಂದ. ಸಾಲಿನ ಕೊನೆಯಲ್ಲಿ ಅವನ ಕೈ ನಿಂತಿತು. ಅಲ್ಲಿ ವಿ.ಆರ್. ಕನ್ನಡಕಗಳಿದ್ದವು. ಮಠದ ತರಬೇತಿ ಶಾಲೆಯಲ್ಲಿ ಬಡ ಮಕ್ಕಳು ಅವನ್ನು ಕಣ್ಣಿಗೆ ಕಟ್ಟಿಕೊಂಡು ಕೆಲಸ ಕಲಿಯುತ್ತಿದ್ದರು. ಕಟ್ಟಿಕೊಂಡರೆ ಇಲ್ಲದ ಯಂತ್ರ ಎದುರಿಗೆ ಬರುತ್ತಿತ್ತು, ಇಲ್ಲದ ಕಟ್ಟಡ ಸುತ್ತಲೂ ಏಳುತ್ತಿತ್ತು. ಬಿಚ್ಚಿದರೆ ಬರೀ ಸುಣ್ಣದ ಗೋಡೆ.

“ಗುದ್ದಲಿ ಅಗೆಯುತ್ತದೆ, ಈಳಿಗೆ ಹೆಚ್ಚುತ್ತದೆ. ಇದು ಏನು ಮಾಡುತ್ತದೆ ಬುದ್ಧಿ? ಇಲ್ಲದ್ದನ್ನು ಇದೆ ಎಂದು ತೋರಿಸುತ್ತದೆ. ತೋರಿಕೆಗೆ ಮರುಳಾಗಬೇಡಿ ಎಂದು ದಿನವೂ ಹೇಳುವವರು ನೀವೇ.”

ಗುರು ನಕ್ಕುಬಿಟ್ಟರು. “ನನ್ನ ಮಾತನ್ನು ನನಗೇ ತಿರುಗಿಸುತ್ತೀಯಲ್ಲೋ ಮರಿ! ಆಗಲಿ. ಬಟ್ಟಲು ಕೆಳಗಿಟ್ಟು ಕೂತುಕೋ. ಬಿಸಿಲು ಏರುವುದರೊಳಗೆ ಮುಗಿಸುತ್ತೇನೆ. ನಡುವೆ ಮಾತ್ರ ಬಾಯಿ ಹಾಕಬೇಡ.”

ಶಿಷ್ಯ ಕೂತ. ಗುರು ಕತೆ ಹೇಳತೊಡಗಿದರು.

ಒಬ್ಬ ಹುಡುಗಿ ಇದ್ದಳು. ಹುಲಿಗೆಮ್ಮ ಎಂದು ಹೆಸರು. ಯಾವ ಊರು ಎಂದು ಕೇಳಬೇಡ. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಹೋಗುವ ಮಂದಿ ಅವರು. ಕಟ್ಟಡದ ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆ. ಕಟ್ಟಡ ಮುಗಿದು ಬಣ್ಣ ಬಳಿದರು ಎಂದರೆ ಇವರ ಗಂಟು ಕಟ್ಟುವ ಹೊತ್ತು ಬಂತು ಎಂದೇ ಲೆಕ್ಕ. ಅವಳ ಅವ್ವ ಕಾಂಕ್ರೀಟಿನ ಬಾಂಡ್ಲಿ ಹೊರುತ್ತಿದ್ದಳು. ಹೊತ್ತು ಹೊತ್ತು ಆಕೆಯ ಕುತ್ತಿಗೆ ಅತ್ತಿತ್ತ ತಿರುಗದಂತೆ ಆಗಿತ್ತು. ಯಾರಾದರೂ ಪಕ್ಕದಿಂದ ಕರೆದರೆ ಮೈಯನ್ನೇ ತಿರುಗಿಸಬೇಕು. ಅಪ್ಪ ಇರಲಿಲ್ಲ. ಹಿಂದೊಂದು ಕಟ್ಟಡದಲ್ಲಿ ಅವನು ಬುತ್ತಿ ಹಿಡಿದುಕೊಂಡು ನಡೆಯುತ್ತಿದ್ದಾಗ, ಕ್ರೇನಿನಲ್ಲಿ ಹೋಗುತ್ತಿದ್ದ ಕಬ್ಬಿಣದ ಕಟ್ಟು ಬಡಿದು ಸತ್ತುಹೋಗಿದ್ದ.

ಆ ಊರಿನಲ್ಲಿ ನಮ್ಮಂಥದೇ ಒಂದು ಶಾಲೆ ಇತ್ತು. ಶೆಡ್ಡಿನ ಮಕ್ಕಳಿಗೆ ಬಿಟ್ಟಿಯಾಗಿ ಕೆಲಸ ಕಲಿಸುತ್ತೇವೆ ಎಂದು ಕರೆದರು. ಹುಲಿಗೆಮ್ಮ ಹೋದಳು. ಯಾವ ಕೆಲಸ ಕಲಿಯುತ್ತೀ ಎಂದು ಕೇಳಿದರೆ ಕ್ರೇನು ಎಂದಳು. ಅವ್ವನಿಗೆ ಗೊತ್ತಾದಾಗ ದೊಡ್ಡ ಗಲಾಟೆಯೇ ಆಯಿತು. ನಿಮ್ಮಪ್ಪನನ್ನು ತಿಂದದ್ದು ಅದು, ಅದರ ಹೊಟ್ಟೆಯೊಳಗೇ ಹೋಗಿ ಕೂರುತ್ತೀಯಾ ಎಂದು ಎದೆ ಎದೆ ಬಡಿದುಕೊಂಡಳು. ಹುಡುಗಿ ಎದುರು ಮಾತಾಡಲಿಲ್ಲ, ಹೋಗುವುದನ್ನೂ ಬಿಡಲಿಲ್ಲ. ಅವಳ ಮನಸ್ಸಿನಲ್ಲಿ ಇದ್ದದ್ದು ಇಷ್ಟೆ. ಕ್ರೇನಿನ ಕೆಲಸ ಸಿಕ್ಕರೆ ಅವ್ವನ ತಲೆಯಿಂದ ಬಾಂಡ್ಲಿ ಇಳಿಯುತ್ತದೆ. ಸಿಗದಿದ್ದರೆ ತನ್ನ ತಲೆಗೂ ಏರುತ್ತದೆ.

ಈಗ ನೀನೇ ಹೇಳು, ಅಂಥ ಹುಡುಗಿಗೆ ನಿಜವಾದ ಕ್ರೇನನ್ನು ಕಲಿಯಲು ಯಾರು ಕೊಡುತ್ತಾರೆ? ಕೈ ತಪ್ಪಿದರೆ ಕೆಳಗೆ ಜನ. ಬಡವರ ಮಕ್ಕಳಿಗೆ ಎಲ್ಲಕ್ಕಿಂತ ಕಡಿಮೆ ಇರುವುದು ಯಾವುದು ಗೊತ್ತೇನು ಮರಿ? ತಪ್ಪು ಮಾಡಲು ಜಾಗ. ಉಳ್ಳವರ ಮಗ ತಪ್ಪಿದರೆ, ಇರಲಿ ಬಿಡು, ಇನ್ನೊಂದು ಸಲ ನೋಡು ಎನ್ನುತ್ತಾರೆ. ಇವರು ತಪ್ಪಿದರೆ, ನಾಳೆಯಿಂದ ಬರಬೇಡ ಎನ್ನುತ್ತಾರೆ. ಆ ಕನ್ನಡಕದೊಳಗೆ ತಪ್ಪು ಮಾಡಲು ಬೇಕಾದಷ್ಟು ಜಾಗವಿತ್ತು.

ಮೊದಲ ದಿನ ಕನ್ನಡಕ ಕಟ್ಟಿದರು. ಕೈಗೆ ಎರಡು ಹಿಡಿಕೆ ಕೊಟ್ಟರು. ಹುಡುಗಿ ನೋಡುತ್ತಾಳೆ, ತಾನು ಆಕಾಶದಲ್ಲಿ ಕೂತಿದ್ದೇನೆ! ಕೆಳಗೆ ಕಟ್ಟಡ, ಕೊಕ್ಕೆಯಲ್ಲಿ ಕಬ್ಬಿಣದ ಕಟ್ಟು. ಹಿಡಿಕೆ ತಿರುಗಿಸಿದಳು. ಕಟ್ಟು ತೂಗಾಡುತ್ತ ಹೊರಟಿತು. ಅಷ್ಟರಲ್ಲಿ ಸಿಮೆಂಟ್ ಚೀಲದ ರಾಶಿಯ ಹಿಂದಿನಿಂದ ಒಬ್ಬ ಮನುಷ್ಯ ಬಂದ. ತಲೆಗೆ ರುಮಾಲು, ಕೈಯಲ್ಲಿ ಬುತ್ತಿ. ತಲೆ ತಗ್ಗಿಸಿಕೊಂಡು ತನ್ನ ಪಾಡಿಗೆ ನಡೆಯುತ್ತಿದ್ದ. ಕಟ್ಟು ಹೋಗಿ ಅವನಿಗೆ ಬಡಿಯಿತು. ಅವನು ಬಿದ್ದ.

ಹುಲಿಗೆಮ್ಮ ಅಯ್ಯೋ ಎಂದು ಕಿರುಚಿ ಕನ್ನಡಕ ಕಿತ್ತೆಸೆದಳು. ಮೂಲೆಯಲ್ಲಿದ್ದ ನೀರಿನ ಚೊಂಬು ಹಿಡಿದು, ಅವನು ಬಿದ್ದಿದ್ದ ದಿಕ್ಕಿಗೆ ಓಡಿದಳು. ಅಲ್ಲಿ ಗೋಡೆ ಇತ್ತು. ಜೊತೆಯಲ್ಲಿ ಕಲಿಯುವ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನಿದ್ದಿದ್ದರೆ ನೀನೂ ನಗುತ್ತಿದ್ದೆ, ಸುಮ್ಮನಿರು.

ಕಲಿಸುವ ಮೇಷ್ಟ್ರು ಒಳ್ಳೆಯವನು. ನಗಲಿಲ್ಲ. ಮತ್ತೆ ಕೂರಿಸಿ ಕನ್ನಡಕ ಕಟ್ಟಿದ. “ಅದು ಗೊಂಬೆ ಅಷ್ಟೇ ಕಣಮ್ಮ. ಈ ಗುಂಡಿ ಒತ್ತು, ಎದ್ದು ನಿಲ್ಲುತ್ತಾನೆ” ಎಂದ.

ಹುಡುಗಿ ಒತ್ತಿದಳು. ಬಿದ್ದವನು ಎದ್ದ. ರುಮಾಲು ನೆಟ್ಟಗೆ ಮಾಡಿಕೊಂಡ. ಏನೂ ಆಗಿಲ್ಲ ಎಂಬಂತೆ ಚೀಲದ ರಾಶಿಯ ಹಿಂದಕ್ಕೆ ಹೋದ. ಮತ್ತೆ ಬುತ್ತಿ ಹಿಡಿದುಕೊಂಡು ಬಂದ.

“ಸಿಟ್ಟೂ ಬರಲಿಲ್ಲೇನ್ರಿ ಅವಗ?” ಎಂದು ಕೇಳಿದಳು. ಮತ್ತೆ ಹಿಡಿಕೆ ಹಿಡಿದು, “ನಮ್ಮಪ್ಪ ಏಳಲಿಲ್ರಿ” ಎಂದಳು.

ಅಂದಿನಿಂದ ಅವಳು ಅವನಿಗೆ ಯಂಕಣ್ಣ ಎಂದು ಹೆಸರಿಟ್ಟಳು. ಕೈಯಾರೆ ಬೀಳಿಸಿದವನ ಹತ್ತಿರ ತಪ್ಪಾಯಿತು ಎನ್ನಬೇಕಾದರೆ ಹೆಸರಿಲ್ಲದೆ ಹೇಗೆ ಎನ್ನುವುದು ಅವಳ ವಾದ. ಕಲಿಯುವಾಗ ಪಾಪ, ಯಂಕಣ್ಣ ಪಟ್ಟ ಪಾಡು ಅಷ್ಟಿಷ್ಟಲ್ಲ. ಹಿಡಿಕೆ ಬೇಗ ತಿರುಗಿತು, ಯಂಕಣ್ಣ ಬಿದ್ದ. ಕಟ್ಟು ಓಲಾಡಿತು, ಯಂಕಣ್ಣ ಬಿದ್ದ. ಹುಡುಗಿ ಸೀನಿದಳು, ಆಗಲೂ ಬಿದ್ದವನು ಯಂಕಣ್ಣನೇ. ಪ್ರತಿ ಸಲವೂ ಅವಳು ತಪ್ಪಾಯಿತಣ್ಣ ಎನ್ನುವಳು, ಅವನು ಎದ್ದು ಹೋಗುವನು. ಬಿದ್ದು ಬಿದ್ದು ಅವನು ಅವಳ ಕೈಯನ್ನು ತಿದ್ದಿದ.

ಉಳಿದ ಹುಡುಗರು ಚುರುಕು. ಯಂಕಣ್ಣ ಹೊರಗೆ ಬರುವುದರೊಳಗೆ ಕಟ್ಟನ್ನು ಸರ್ರನೆ ದಾಟಿಸಿಬಿಡುವ ಉಪಾಯ ಕಂಡುಕೊಂಡರು. ಅವರಿಗೆ ಒಳ್ಳೆಯ ಅಂಕ ಬಂದವು. ಹುಲಿಗೆಮ್ಮ ಮಾತ್ರ ಚೀಲದ ರಾಶಿಯ ಈಚೆಗೆ ಕಟ್ಟನ್ನು ನಿಲ್ಲಿಸಿ, ಹಾರ್ನ್ ಹೊಡೆದು, “ದಾಟು ಯಂಕಣ್ಣ” ಎಂದು ಕಾಯುವಳು. ಅವನು ನಿಧಾನಕ್ಕೆ ದಾಟುವನು. ಅವನಿಗೇನು ಅವಸರ? ಅವಳು ಯಾವಾಗಲೂ ಕೊನೆಗೇ ಮುಗಿಸುತ್ತಿದ್ದಳು. ಹುಡುಗರು ಅವಳನ್ನು ಯಂಕಣ್ಣನ ತಂಗಿ ಎಂದು ಕರೆದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

ಕಡೆಗೆ ಪರೀಕ್ಷೆಯ ದಿನ ಬಂತು. ಈ ಸಲ ನಿಜವಾದ ಕ್ರೇನು, ನಿಜವಾದ ಕಟ್ಟಡ. ಅವ್ವ ಬಾಂಡ್ಲಿ ಹೊರುತ್ತಿದ್ದ ಕಟ್ಟಡವೇ ಅದು. ಕೆಲಸ ಇದ್ದದ್ದು ಒಬ್ಬರಿಗೆ ಮಾತ್ರ. ಕೆಳಗಿದ್ದ ಕೂಲಿಯವರನ್ನೆಲ್ಲ ಬೇಲಿಯ ಆಚೆಗೆ ಸರಿಸಿದರು. ಅವ್ವ ಅವರ ನಡುವೆ ನಿಂತು, ನೋಡಲಾರೆ ಎಂದು ಮುಖಕ್ಕೆ ಸೆರಗು ಹಾಕಿಕೊಂಡಿದ್ದಳು.

ಮೊದಲು ಹತ್ತಿದ ಹುಡುಗ ಬೇಗ ಮುಗಿಸಿ ಇಳಿದ. ಪರೀಕ್ಷೆ ಮಾಡಲು ಬಂದಿದ್ದ ಸಾಹೇಬರು ಅವನ ಬೆನ್ನು ತಟ್ಟಿದರು. ಆಮೇಲೆ ಹುಲಿಗೆಮ್ಮ ಹತ್ತಿದಳು. ಮೇಲೆ ಗಾಳಿ ಇತ್ತು. ಕನ್ನಡಕದೊಳಗೆ ಗಾಳಿ ಇರಲಿಲ್ಲ. ಕೂತ ಗೂಡೇ ಅಲ್ಲಾಡಿತು, ಕಬ್ಬಿಣ ಸುಡುತ್ತಿತ್ತು. ಕನ್ನಡಕ ಎಲ್ಲವನ್ನೂ ಕಲಿಸುತ್ತದೆ ಎಂದು ನಾನು ಹೇಳುವುದಿಲ್ಲ ಮರಿ. ಅವಳಿಗೆ ಭಯವಾಯಿತು. ಆದರೆ ಕೈಗೆ ಭಯವಾಗಲಿಲ್ಲ. ಕೈ ಹಿಡಿಕೆ ಹಿಡಿಯಿತು, ಕಟ್ಟನ್ನು ಎತ್ತಿತು, ಮೆಲ್ಲಗೆ ತಿರುಗಿಸಿತು.

ಆ ಅಂಗಳದಲ್ಲೂ ಒಂದು ಕಡೆ ಸಿಮೆಂಟ್ ಚೀಲದ ರಾಶಿ ಇತ್ತು. ಅದರ ಈಚೆಗೆ ಕಟ್ಟು ನಿಂತುಬಿಟ್ಟಿತು. ಹಾರ್ನ್ ಕೇಳಿಸಿತು. ಸಾಹೇಬರು ಕಾದರು. ಕಟ್ಟು ಅಲುಗಲಿಲ್ಲ. ಅವರು ವಾಕಿಟಾಕಿ ಬಾಯಿಗೆ ಹಿಡಿದರು.

“ಯಾಕಮ್ಮ ನಿಲ್ಲಿಸಿದೆ? ಅಲ್ಲಿ ಯಾರೂ ಇಲ್ಲ.”

“ಹಿಂದ ಯಾರರ ಇದ್ರ ದಾಟ್ಲಿ ಅಂತ ನಿಂತೀನ್ರಿ.” ವಾಕಿಟಾಕಿಯ ದನಿ ಬೇಲಿಯ ಆಚೆಗೂ ಕೇಳಿಸಿತು.

“ಎಲ್ಲರನ್ನೂ ಆಚೆ ಕಳಿಸಿದ್ದೇವೆ. ನಿನ್ನ ಹೊತ್ತು ಹೋಗುತ್ತಿದೆ ನೋಡು.”

ಹೊತ್ತು ಹೋಗುತ್ತಿದೆ ಎಂದು ಅವಳಿಗೂ ಗೊತ್ತು. ಕೆಲಸ ಕೈ ಬಿಟ್ಟುಹೋಗುತ್ತಿದೆ ಎಂದೂ ಗೊತ್ತು. ಬೇಲಿಯ ಹತ್ತಿರ ಅವ್ವನ ಸೀರೆ ಕಾಣುತ್ತಿತ್ತು. ಆದರೂ ಕೈ ಮುಂದಕ್ಕೆ ಹೋಗಲಿಲ್ಲ. ಬುತ್ತಿ ಹಿಡಿದ ಒಬ್ಬ ಮನುಷ್ಯ ನಡೆದು ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. ಯಾರೂ ಬರಲಿಲ್ಲ. ಆಮೇಲೆ ಕಟ್ಟನ್ನು ದಾಟಿಸಿ, ಹೂ ಇಟ್ಟ ಹಾಗೆ ಕೆಳಗಿಟ್ಟಳು.

ಯಾರಾದರೂ ಬಂದೇ ಬರುತ್ತಾರೆ ಎಂದು ಕಾಯುತ್ತಿದ್ದೆಯಾ? ಇಲ್ಲ ಮರಿ, ಯಾರೂ ಬರಲಿಲ್ಲ.

ಕೆಲಸ ಕೊಡಲು ಸಾಹೇಬರು ಮೊದಲ ಹುಡುಗನನ್ನು ಕರೆದರು. ಅವನೇ ಬೇಗ ಮುಗಿಸಿದ್ದ, ಅವನದು ತಪ್ಪೇನೂ ಇರಲಿಲ್ಲ. ಅಷ್ಟರಲ್ಲಿ ಬೇಲಿಯ ಆಚೆಯಿಂದ ಕೂಲಿಯವರು ಒಳಗೆ ಬಂದರು. ಹೆಂಗಸರು, ಗಂಡಸರು, ಎಲ್ಲರೂ ಬಂದರು. ಮುಂದೆ ಅವರ ಮೇಸ್ತ್ರಿ. ಅವನು ತಲೆಯ ಮೇಲಿನ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಸಾಹೇಬ್ರ, ಮ್ಯಾಲ ಕುಂದ್ರೋರನ್ನ ನೀವು ಆರಿಸ್ತೀರಿ. ಕೆಳಗ ಅಡ್ಡಾಡೋರು ನಾವು. ಇಷ್ಟು ವರ್ಷದಾಗ ನಮಗಂತ ಯಾರೂ ನಿಂತಿಲ್ರಿ. ಈ ಹುಡುಗಿ, ನಾವು ಇಲ್ಲದಾಗ್ಲೂ ನಿಂತಳು. ಆಕೀನ ಕೊಡ್ರಿ ನಮಗ.”

ಸಾಹೇಬರು ಒಮ್ಮೆ ಚೀಲದ ರಾಶಿಯನ್ನು ನೋಡಿದರು, ಒಮ್ಮೆ ಇವರನ್ನು ನೋಡಿದರು. ಒಳ್ಳೆಯ ಮನುಷ್ಯ. ಆಗಲಿ ಎಂದರು. ಮೊದಲ ಹುಡುಗನ ಬಗ್ಗೆ ಮುಖ ಸಣ್ಣದು ಮಾಡಿಕೊಳ್ಳಬೇಡ. ಅವನಿಗೂ ಮುಂದೆ ಇನ್ನೊಂದು ಕಟ್ಟಡದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವನೂ ಚೀಲದ ರಾಶಿ ಕಂಡಾಗ ನಿಲ್ಲುತ್ತಾನಂತೆ.

ಹುಲಿಗೆಮ್ಮ ಏಣಿ ಇಳಿದು ಬಂದಳು. ಅವ್ವ ಅವಳ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

“ನಿಮ್ಮಪ್ಪನ್ನ ದಾಟಿಸಿದಿ ನನ್ನವ್ವ” ಎಂದಳು. ಆಮೇಲೆ ಇಬ್ಬರೂ ಮನಸಾರೆ ಅತ್ತರು.

ಅವ್ವನ ತಲೆಯಿಂದ ಬಾಂಡ್ಲಿ ಇಳಿಯಿತು. ಆ ವರ್ಷದ ಆಯುಧಪೂಜೆಗೆ ಕೂಲಿಯವರೆಲ್ಲ ಸೇರಿ ಕ್ರೇನಿಗೆ ಚೆಂಡು ಹೂವಿನ ಮಾಲೆ ಕಟ್ಟಿ, ಬೂದುಗುಂಬಳಕಾಯಿ ಒಡೆದರು. ಮಂಡಕ್ಕಿ ಹಂಚಿದರು. ಎಲ್ಲ ಮುಗಿದ ಮೇಲೆ ಹುಲಿಗೆಮ್ಮ ಒಂದು ಡಬ್ಬಿ ಹಿಡಿದುಕೊಂಡು ಶಾಲೆಗೆ ಬಂದಳು. ಮೊದಲು ಮೇಷ್ಟ್ರ ಕಾಲಿಗೆ ಬಿದ್ದಳು. ಆಮೇಲೆ ಕನ್ನಡಕಕ್ಕೆ ಕುಂಕುಮ ಹಚ್ಚಿದಳು. ಅಂದು ಚೊಂಬು ಹಿಡಿದು ಓಡಿದ್ದಳಲ್ಲ, ಅದೇ ಗೋಡೆಯ ಮುಂದೆ ಬಾಳೆ ಎಲೆ ಹಾಸಿ ಎರಡು ಹೋಳಿಗೆ ಬಡಿಸಿದಳು, ಮೇಲೆ ತುಪ್ಪ ಹಾಕಿದಳು. ಪಕ್ಕದಲ್ಲಿ ಚೊಂಬಿನ ತುಂಬ ನೀರಿಟ್ಟಳು.

“ಇದು ಯಾರಿಗಮ್ಮ?” ಎಂದು ಮೇಷ್ಟ್ರು ಕೇಳಿದ.

“ಯಂಕಣ್ಣಗ್ರಿ. ನನ್ನ ಕೈಯಾಗ ಬರೇ ಪೆಟ್ಟು ತಿಂದಾನ. ಒಂದು ದಿನನೂ ಬೈಲಿಲ್ಲ. ಇವತ್ತರ ಹೊಟ್ಟಿ ತುಂಬ ಉಣ್ಲಿ.”

ಹೀಗೆಂದು ಗೋಡೆಗೆ ಕೈಮುಗಿದು ನಿಂತಳು. ಹಳೆಯ ಹುಡುಗರು ಒಬ್ಬಿಬ್ಬರು ಅಲ್ಲಿದ್ದರು. ಅಂದು ಅವರು ನಗಲಿಲ್ಲ. ಒಬ್ಬ ಬಂದು ಎಲೆಯ ಪಕ್ಕದಲ್ಲಿ ತನ್ನ ಪಾಲಿನ ಮಂಡಕ್ಕಿಯನ್ನೂ ಇಟ್ಟ.

ಗುರು ಇಲ್ಲಿಗೆ ನಿಲ್ಲಿಸಿದರು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಶಿಷ್ಯ ಕುಂಕುಮದ ಬಟ್ಟಲು ಎತ್ತಿಕೊಂಡ. ಆದರೆ ಅವನ ಮನಸ್ಸು ಇನ್ನೂ ಒಪ್ಪಿರಲಿಲ್ಲ.

“ಬುದ್ಧಿ, ಹುಡುಗಿಯ ಮನಸ್ಸು ದೊಡ್ಡದು, ನಿಜ. ಆದರೆ ಯಂಕಣ್ಣ ಎಂಬುವನು ಹುಟ್ಟಲೇ ಇಲ್ಲ. ಇಲ್ಲದವನಿಗೆ ಇಟ್ಟ ಎಡೆ ಯಾರಿಗೆ ತಲುಪುತ್ತದೆ?”

ಗುರು ಸಾಲಿನ ಕೊನೆಯ ಕನ್ನಡಕವನ್ನು ತೆಗೆದು, ತಮ್ಮ ಶಲ್ಯದಿಂದ ಒರೆಸಿ, ಅವನ ಮುಂದೆ ಇಟ್ಟರು.

“ಆ ಕಟ್ಟಡದ ಕೆಳಗೆ ದಿನವಿಡೀ ದುಡಿದು, ಸಂಜೆ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋಗಿ, ಮಕ್ಕಳ ಪಕ್ಕದಲ್ಲಿ ಉಣ್ಣಲು ಕೂತವರಿಗೆ.”