ಭಾವನ ವಾಸ್ತು, ಹಡಗಿನ ಮೂತಿ

ಮುಂಬಯಿಯಿಂದ ಗೋವೆಗೆ ಹೋಗುವ ಪ್ರವಾಸಿ ಹಡಗಿನಲ್ಲಿ ಇಂದುಮತಿ ಕೋಣೆಗಳ ನಕ್ಷೆ ನೋಡಿ, ಅಳೆದು ತೂಗಿ, ಸಮುದ್ರ ಕಾಣುವ ಕಿಟಕಿಯ ಕೋಣೆ ಹಿಡಿದಿದ್ದಳು. ಗಂಡನ ಅಣ್ಣ ಶ್ರೀಕಂಠಯ್ಯನವರ ಪಾಲಿಗೆ ಬಂದದ್ದು ಕಿಟಕಿಯಿಲ್ಲದ ಒಳಕೋಣೆ. ಹೊರಡುವ ಮುನ್ನ ಅವರು ಆಕೆಯ ಮನೆಗೇ ಬಂದು ನಕ್ಷೆಯನ್ನು ಊಟದ ಮೇಜಿನ ಮೇಲೆ ಹಾಸಿದರು.

“ನೋಡಮ್ಮಾ, ಮೇಲ್ಗಡೆ ಉತ್ತರ. ನಿನ್ನ ಕೋಣೆಯಲ್ಲಿ ದಿಂಬು ದಕ್ಷಿಣಕ್ಕಿದೆ. ವಾಸ್ತು ಪ್ರಕಾರ ಅದು ಮನೆಯ ಹಿರಿಯನದು. ಬಿಟ್ಟುಕೊಡು.”

“ಮೇಲಿರುವುದು ಉತ್ತರವಲ್ಲ ಭಾವ, ಹಡಗಿನ ಮೂತಿ.” ಇಂದುಮತಿ ನಕ್ಷೆಯನ್ನು ಮೆಲ್ಲಗೆ ತಿರುಗಿಸಿದಳು. “ಹೋಗುವಾಗ ಮೂತಿ ದಕ್ಷಿಣಕ್ಕೆ. ಆಗ ಈ ಹಾಸಿಗೆಯಲ್ಲಿ ನಿಮ್ಮ ತಲೆ ಉತ್ತರಕ್ಕೆ!”

“ಉತ್ತರಕ್ಕೆ ತಲೆ ಹಾಕಿ ಮಲಗುವುದೇ? ಶಿವ ಶಿವಾ!” ಶ್ರೀಕಂಠಯ್ಯ ಬೆರಳನ್ನು ಹಿಂದಕ್ಕೆಳೆದುಕೊಂಡರು. “ದಿಕ್ಕು ಬದಲಾಗದ ಕೋಣೆ ಯಾವುದೂ ಇಲ್ಲವೇನಮ್ಮಾ?”

“ಇದೆಯಲ್ಲ ಭಾವ, ನೀವೀಗ ಕೂತಿರುವುದೇ. ಬೀಗದ ಕೈ ಕೊಟ್ಟು ಹೋಗಲೇ?”