ಹೊಳೆ ದಾಟದ ಕಾಯಿ

"ಗುರುಗಳೇ, ನಾನೊಂದು ಯುದ್ಧದ ಆಟ ಕಟ್ಟುತ್ತಿದ್ದೇನೆ. ಅದರಲ್ಲಿ ಒಂದೊಂದು ನಾಡಿಗೂ ಒಂದೊಂದು ಹುಟ್ಟುಗುಣ ಕೊಡಬೇಕು. ಬಯಲಿನವರಿಗೆ ತಾಳ್ಮೆ, ಗುಡ್ಡದವರಿಗೆ ಮೊಂಡುತನ, ಹೀಗೆ. ಚರಿತ್ರೆ ಓದಿದವರೂ ನಂಬುವಂತಿರಬೇಕು. ಯಾವ ನಾಡಿಗೆ ಯಾವ ಗುಣ ಎಂದು ಹೇಗೆ ತಿಳಿಯುವುದು?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ನಕ್ಕರು. "ಅಯ್ಯೋ ಮಹಾರಾಯ, ಮೊದಲು ನಿನ್ನ ಮನೆಯ ನಾಲ್ಕು ಜನಕ್ಕೆ ಒಂದೇ ಗುಣ ಹೊಂದಿಸು ನೋಡೋಣ. ಇರಲಿ, ಕೇಳು" ಎಂದು ಹೇಳತೊಡಗಿದರು.

ಒಬ್ಬ ಅರಸ ತನ್ನ ದಳಪತಿಗಳಿಗೆ ಯುದ್ಧ ಕಲಿಸಲು ಮರಳಿನ ಹಾಸಿನ ಮೇಲೆ ಒಂದು ಆಟ ಮಾಡಿಸಿದ. ನೆರೆಯ ನಾಡುಗಳಿಗೆಲ್ಲ ಒಂದೊಂದು ಮರದ ಕಾಯಿ. ಕಾಯಿಯ ತಳದಲ್ಲಿ ಆ ನಾಡಿನವರ ಗುಣ ಬರೆಯಬೇಕು. ಆ ಕೆಲಸ ಒಬ್ಬ ಕರಣಿಕನಿಗೆ ಬಿತ್ತು. ಅವನೇನು ಸೋಮಾರಿಯಲ್ಲ, ನೂರು ವರ್ಷದ ಓಲೆಗಳನ್ನೆಲ್ಲ ಕೂತು ಓದಿದ. ಹೊಳೆಯ ಆಚೆ ದಡದವರ ಬಗ್ಗೆ ಓಲೆಯಲ್ಲಿ ಹೀಗಿತ್ತು: 'ವರ್ಷಾವರ್ಷ ನಮ್ಮಿಂದ ಉಪ್ಪು ಹೋಗುವುದರಿಂದ ಅವರು ಹೊಳೆ ದಾಟಿ ಬಂದಿಲ್ಲ.' ಕಾಯಿಯ ತಳ ಹೆಬ್ಬೆಟ್ಟಿನಷ್ಟು ಅಗಲ, ಅಷ್ಟೆಲ್ಲ ಹಿಡಿಯಲಿಲ್ಲ. 'ಹೊಳೆ ದಾಟುವುದಿಲ್ಲ' ಎಂದಷ್ಟೇ ಬರೆದ.

ದಳಪತಿಗಳು ಹತ್ತು ವರ್ಷ ಆಡಿದರು. ಯಾರಾದರೂ ಆ ಕಾಯಿಯನ್ನು ಹೊಳೆ ದಾಟಿಸಿದರೆ ಅದು ತಪ್ಪಾಟ.

ಮುಂದೊಂದು ವರ್ಷ ಅರಸನಿಗೆ ಆಚೆ ದಡದವರ ಮೇಲೆ ಸಿಟ್ಟು ಬಂತು. ಉಪ್ಪಿನ ಗಾಡಿ ನಿಲ್ಲಿಸಿದ. ಮೂರು ತಿಂಗಳಿಗೆ ಅಂಬಿಗನೊಬ್ಬ ಓಡಿ ಬಂದು, ಅವರು ಬಿದಿರು ಕಡಿದು ತೆಪ್ಪ ಕಟ್ಟುತ್ತಿದ್ದಾರೆ ಎಂದ. ದಳವಾಯಿ ಕಾಯಿ ತಿರುಗಿಸಿ ಓದಿದ. ಕರಣಿಕನನ್ನು ಕರೆಸಿ, "ಇದು ಸರಿಯೋ ತಪ್ಪೋ ಹೇಳು. ಸರಿಯಾದರೆ ಹೊಳೆಯ ಕಾವಲು ತೆಗೆದು ಪಡೆಯನ್ನು ಬೇರೆ ಗಡಿಗೆ ಕಳಿಸುತ್ತೇನೆ" ಎಂದ.

ತಾನು ಬರೆಯದೆ ಬಿಟ್ಟ ಉಪ್ಪಿನ ಮಾತು ಕರಣಿಕನಿಗೆ ಚೆನ್ನಾಗಿ ನೆನಪಿತ್ತು. ಒಬ್ಬಳೇ ಮಗಳು, ಅವಳನ್ನು ಕೊಟ್ಟದ್ದು ಹೊಳೆಯ ಈಚೆ ದಂಡೆಯ ಊರಿಗೇ. ಆದರೆ ತುಂಬಿದ ಸಭೆ, ಹತ್ತು ವರ್ಷ ಎಲ್ಲರೂ ನಂಬಿದ ಬರಹ. ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಯಿತು. "ನೂರು ವರ್ಷದಲ್ಲಿ ಒಮ್ಮೆಯೂ ದಾಟಿಲ್ಲ, ಒಡೆಯಾ" ಎಂದುಬಿಟ್ಟ. ಸುಳ್ಳೇನಲ್ಲ, ನೋಡು.

ಕಾವಲು ಹೋಯಿತು. ಐದನೆಯ ದಿನ ಬೆಳಗ್ಗೆ ತೆಪ್ಪಗಳು ಬಂದವು. ಕರಣಿಕ ಎದ್ದೆನೋ ಬಿದ್ದೆನೋ ಎಂದು ಓಡಿದ. ಮಗಳ ಮನೆ ಸುಟ್ಟುಹೋಗಿತ್ತು, ಮಗಳು ಉಳಿದಿರಲಿಲ್ಲ. ಎದೆ ಬಡಿದುಕೊಂಡು ಅತ್ತ. ಊರವರ ಕೈಗೆ ಸೆರೆಸಿಕ್ಕ ಆಚೆ ದಡದವನೊಬ್ಬನ ಹೆಗಲು ಹಿಡಿದು ಅಲುಗಾಡಿಸಿ, "ನೂರು ವರ್ಷ ದಾಟದವರು ಈಗ ಯಾಕೆ ದಾಟಿದಿರೋ?" ಎಂದು ಕೇಳಿದ.

"ನೂರು ವರ್ಷ ನೀವೇ ಉಪ್ಪು ಕಳಿಸ್ತಿದ್ರಿ. ಈ ಸಲ ನನ್ನ ಮಕ್ಕಳು ಸಪ್ಪೆ ಗಂಜಿ ನುಂಗಲಾರದೆ ಅತ್ತವು" ಎಂದ ಅವನು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಆ ಕಾಯಿಯ ತಳದಲ್ಲಿ ಏನು ಬರೆಯಬೇಕಿತ್ತು, ಗುರುಗಳೇ?" ಎಂದು ಚೆನ್ನವೀರ ಕೇಳಿದ.

"ನಿನ್ನ ಮಕ್ಕಳು ಹಾಗೆ ಅತ್ತರೆ ನೀನೇನು ಮಾಡುತ್ತೀಯೋ, ಅದನ್ನು."