ಪಂಡಿತರ ಹಿತ್ತಲಿನ ಆನೆ

“ಪ್ರಭು, ನಾನು ಸಾಧಿಸಲಾಗದ ಮಾತೇ ಈ ಲೋಕದಲ್ಲಿಲ್ಲ!” ಎಂದು ಮೀಸೆ ತಿರುವಿದರು ಆಸ್ಥಾನದ ನಂಜುಂಡ ಪಂಡಿತರು.

ಕಂಚರಸನ ಸಭೆಯಲ್ಲಿ ವಾದಕ್ಕೊಂದು ನಿಯಮವಿತ್ತು. ಅದನ್ನು ಮಾಡಿದವರೂ ಪಂಡಿತರೇ. ಹೊಸ ಹೆಸರು ತಂದವರು ಅದರ ಬಗೆಯನ್ನೂ ಹೇಳಬೇಕು: ಊರೋ, ಮನುಷ್ಯನೋ, ಪ್ರಾಣಿಯೋ. ಆಮೇಲೆ ಆ ಬಗೆಗೆ ಒಪ್ಪುವ ಮಾತನ್ನೇ ಆಡಬೇಕು. ಯಾರಾದರೂ ಬಾಯಿತಪ್ಪಿ “ಊರಿಗೆ ಹಸಿವಾಯಿತು” ಅಂದರೆ ಮುಗಿಯಿತು. “ಹಸಿವಾಗೋದು ಪ್ರಾಣಿಗೆ ಕಣಯ್ಯಾ, ಊರಿಗಲ್ಲ!” ಎಂದು ಕೂರಿಸಿಬಿಡುತ್ತಿದ್ದರು.

ಅಂದು ಅವರ ಕಣ್ಣು ಕುಂಬಾರ ಕೆಂಚವ್ವನ ಹೊಲದ ಮೇಲೆ ಬಿದ್ದಿತ್ತು.

“ಒಂದು ಹೆಸರಿಡುತ್ತೇನೆ, ‘ಭೂಪಾಲ’. ಬಗೆ, ಮನುಷ್ಯ. ಕೆಂಚವ್ವನ ಹೊಲದ ನಿಜವಾದ ಒಡೆಯನೂ ಈ ಸಭೆಯ ಪಂಡಿತನೂ ಆದವನೇ ಭೂಪಾಲ. ಅಂದಮೇಲೆ ಹೊಲ ಭೂಪಾಲನದು, ಹೌದೇ?”

“ಹೌದು,” ಎಂದ ಅರಸ.

“ಭೂಪಾಲ ಈ ಸಭೆಯ ಪಂಡಿತ, ಹೌದೇ?”

“ನೀವೇ ಹೇಳಿದಿರಲ್ಲ. ಹೌದು.”

“ಈ ಸಭೆಗೆ ಪಂಡಿತ ನಾನೊಬ್ಬನೇ. ಹಾಗಾಗಿ ಹೊಲ ನನ್ನದು!”

ಕೆಂಚವ್ವ ಕಂಗಾಲಾದಳು. “ಅಯ್ಯೋ ಬುದ್ಧೀ, ನಮ್ಮಜ್ಜನ ಕಾಲದಿಂದ ಅಲ್ಲಿನ ಮಣ್ಣಲ್ಲೇ ಮಡಕೆ ಮಾಡ್ತಿದ್ದೀವಿ. ಆ ಭೂಪಾಲನ್ನ ನಾನು ಕಂಡೇ ಇಲ್ಲ! ಹೊಲ ಹೋದ್ರೆ ತಿಗರಿ ಮೇಲೆ ಏನಿಡ್ಲಿ?”

ಅರಸ ತಲೆ ಕೆರೆದುಕೊಂಡ. ನಿಯಮವೇನೋ ತಪ್ಪಿರಲಿಲ್ಲ.

ಅಷ್ಟರಲ್ಲಿ ವಿದೂಷಕ ಬೊಪ್ಪಣ್ಣ ಎದ್ದ. “ನಾನೂ ಒಂದು ಹೆಸರಿಡಲೇ ಪ್ರಭು? ‘ಗುಂಡಕ್ಕ’. ಬಗೆ, ಆನೆ. ಪಂಡಿತರ ಹಿತ್ತಲಲ್ಲಿ ಕಟ್ಟಿರುವ, ಕೆಂಚವ್ವನಿಗೆ ಸೇರಿದ ಆನೆಯೇ ಗುಂಡಕ್ಕ. ಗುಂಡಕ್ಕ ಕೆಂಚವ್ವನದು, ಹೌದೇ?”

“ಹೌದು,” ಎಂದ ಅರಸ, ನಗು ತಡೆದು.

“ಹಾಗಾದರೆ ಬಿಚ್ಚಿಕೊಡಿ ಪಂಡಿತರೇ. ಪಾಪ, ಬೆಳಿಗ್ಗೆಯಿಂದ ಹಸಿದಿದ್ದಾಳೆ. ಆನೆಗೆ ಹಸಿವಾಗಬಹುದು ತಾನೇ?”

“ಎಲ್ಲಿಯ ಆನೆಯಯ್ಯಾ? ನನ್ನ ಹಿತ್ತಲಲ್ಲಿ ಬಾಳೆಗಿಡ ಬಿಟ್ಟರೆ ಏನೂ ಇಲ್ಲ!”

“ಬಾಳೆಗಿಡವೇ? ಇಷ್ಟು ಹೊತ್ತಿಗೆ ಅದೂ ಇರಲಿಕ್ಕಿಲ್ಲ ಬಿಡಿ.”

ಪಂಡಿತರು ಕೆಂಡವಾದರು. “ಹೆಸರಿಟ್ಟು ಬಗೆ ಹೇಳಿಬಿಟ್ಟರೆ ಆನೆ ಹುಟ್ಟುತ್ತದೇನೋ ಮಂಕೇ? ಅಂಥದ್ದೊಂದು ಇದೆ ಅಂತ ಮೊದಲು ತೋರಿಸು. ಹೆಸರಿಡೋದು ಆಮೇಲೆ!”

ಬೊಪ್ಪಣ್ಣ ಕೈಮುಗಿದ. “ಇನ್ನೊಂದು ಸಲ ಹೇಳಿ ಪಂಡಿತರೇ. ಕೆಂಚವ್ವನಿಗೆ ಸರಿಯಾಗಿ ಕೇಳಿಸಲಿಲ್ಲ.”

ಪಂಡಿತರು ತಿರುವಿದ್ದ ಮೀಸೆಯನ್ನು ಮೆಲ್ಲನೆ ಕೆಳಗಿಳಿಸಿಕೊಂಡರು.

ಅರಸ ಹೊಟ್ಟೆ ಹಿಡಿದು ನಕ್ಕ. “ಹೋಗಿ ಪಂಡಿತರೇ, ಮೊದಲು ಭೂಪಾಲನನ್ನು ಹುಡುಕಿ ತನ್ನಿ. ಹೊಲ ಕೆಂಚವ್ವನದೇ. ಬೊಪ್ಪಣ್ಣ, ನಿನಗೂ ಒಂದು ಬಹುಮಾನವಿದೆ. ಅದಕ್ಕೆ ‘ರಾಜಕೃಪೆ’ ಅಂತ ಹೆಸರಿಟ್ಟಿದ್ದೇನೆ.”

ಬೊಪ್ಪಣ್ಣ ಎರಡೂ ಕೈ ಚಾಚಿದ. “ಹೆಸರು ಆಮೇಲೆ ಇಡೋಣ ಪ್ರಭು. ಮೊದಲು ಕೈಗೆ ಬರಲಿ.”